ಬೆಲ್ಲದ ಪಾಕಕ್ಕೆ ಕಾಚಂಪುಳಿ

ಹಲಸೂರು, ಭಾನುವಾರ

ಬಾಣಸವಾಡಿಯ ತಂಗಿಗೆಂದು ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ, ಒಂದು ಬಾಟಲಿ ತಂದಿದ್ದೆ. ದಾರಿಯಲ್ಲಿ, ಸೇನೆಯಲ್ಲಿ ಜೊತೆಗಿದ್ದ ವಿಲ್ಸನ್ ಮನೆಗೆ ಹೋದರೆ ಅವನ ಹೆಂಡತಿ ಮೇರಿ ಒಲೆಯ ಮುಂದೆ ಕಂಗಾಲಾಗಿ ನಿಂತಿದ್ದರು. ಮಗಳನ್ನು ನೋಡಲು ಗಂಡಿನ ಕಡೆಯವರು ಊಟಕ್ಕೆ ಬರುವವರಿದ್ದರು. ಹಂದಿಯ ಪಕ್ಕೆಲುಬು ಬೆಂದಿತ್ತು. ಮೇಲೆ ಸವರುವ ಪಾಕಕ್ಕೆ ಬೆಲ್ಲವಿತ್ತು, ವಿನೆಗರ್ ಮುಗಿದಿತ್ತು. ಅಂಗಡಿಗೆ ರಜೆ.

“ಹುಣಸೆಹಣ್ಣು ಹಾಕು,” ಎಂದ ವಿಲ್ಸನ್.

“ಸುಮ್ನಿರ್ರೀ, ಇದೇನ್ ಸಾಂಬಾರಾ?”

ಹಂದಿಮಾಂಸಕ್ಕೆ ಬೆಲ್ಲ ಹಾಕುವುದನ್ನು ನಾನು ಕಂಡೇ ಇರಲಿಲ್ಲ. ಆದರೂ ಚೀಲದಿಂದ ಬಾಟಲಿ ತೆಗೆದು ಒಂದು ಚಮಚ ಅಳೆದು ಕೊಟ್ಟೆ. ಮೇರಿ ಬಾಟಲಿಯನ್ನೇ ಕಸಿದುಕೊಂಡರು. ಹುಳಿ ಹೆಚ್ಚಾದರೆ ಬೆಲ್ಲ, ಸಿಹಿ ಹೆಚ್ಚಾದರೆ ಮತ್ತೆ ಕಾಚಂಪುಳಿ. ಬಾಟಲಿ ಬರಿದಾಗುವ ಹೊತ್ತಿಗೆ ಪಾಕ ಎಲುಬಿಗೆ ಅಂಟಿ ಕಪ್ಪಗೆ ಮಿನುಗುತ್ತಿತ್ತು.

ಊಟಕ್ಕೆ ಕುಳಿತ ಗಂಡಿನ ತಾಯಿ ಮೊದಲು ಒಂದೇ ಎಲುಬು ಹಾಕಿಸಿಕೊಂಡರು. ಮೂರನೆಯ ಎಲುಬನ್ನೂ ಚೊಕ್ಕಟವಾಗಿ ಬಿಡಿಸಿ, ಬೆರಳು ನೆಕ್ಕಿ, “ಮದ್ವೆ ಊಟಕ್ಕೂ ಇದೇ ಮಾಡ್ಸಿಬಿಡಿ,” ಎಂದರು.

“ಅದಕ್ಕೇನಂತೆ, ನಮ್ಮನೆ ಹಳೇ ರೆಸಿಪಿ,” ಎಂದ ಮೇರಿ ನನ್ನ ಕಡೆ ನೋಡಿದರು.

ಖಾಲಿ ಬಾಟಲಿಯನ್ನು ತೊಳೆದು ಒರೆಸಿ ಚೀಲಕ್ಕೆ ಹಾಕಿಕೊಂಡೆ. ಮದುವೆಗೆ ಇದಕ್ಕಿಂತ ದೊಡ್ಡದೇ ತರಬೇಕು.