ತರಬೇತಿಯ ದಿನ ನಾನು ಹೇಳಿದ ಕತೆ

ಆ ಹುಡುಗಿಯ ಕ್ಷಮಾಪಣೆ ಪತ್ರದಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು. ಮೂರನ್ನೂ ತಿದ್ದಿಸಿದವಳು ನಾನು.

ತೊಂಬತ್ತರ ದಶಕದ ಮೊದಲ ವರ್ಷಗಳವು. ದೊಡ್ಡಬಳ್ಳಾಪುರದಲ್ಲಿ ಊರಿನ ಕೆಲವು ಮುಖಂಡರು ಸೇರಿ ನಡೆಸುತ್ತಿದ್ದ ಸಣ್ಣ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಆ ಕಾಲೇಜು ಈಗಿಲ್ಲ. ಹಿಂದಿನ ಬೀದಿಯ ತುಂಬ ಮಗ್ಗಗಳಿದ್ದವು. ಪಾಠದ ನಡುವೆ ಕರೆಂಟು ಹೋದರೆ ಮಗ್ಗದ ಸದ್ದು ತಟಕ್ಕನೆ ನಿಂತು, ನಮ್ಮ ದನಿ ನಮಗೇ ಅರಚಾಟದಂತೆ ಕೇಳಿಸುತ್ತಿತ್ತು. ನನ್ನ ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ.

ಹುಡುಗಿ ರಾಜಘಟ್ಟದಾಚೆಯ ಹಳ್ಳಿಯವಳು. ಬಿ.ಎಸ್ಸಿ. ಎರಡನೇ ವರ್ಷ. ಹೊಲ, ಹಸು ಎಲ್ಲ ಇದ್ದ ಮನೆ. ಆ ಹಳ್ಳಿಯಿಂದ ಡಿಗ್ರಿ ಓದಲು ಬಂದ ಮೊದಲ ಹೆಣ್ಣುಮಗಳು ತಾನೇ ಎಂದು ಒಮ್ಮೆ ನನ್ನ ಬಳಿ ಹೇಳಿಕೊಂಡಿದ್ದಳು. ಒಂದು ಬೆಳಗ್ಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಕೆಮಿಸ್ಟ್ರಿ ಮೇಷ್ಟ್ರು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುತ್ತೇನೆಂದು ತನ್ನನ್ನು ಲ್ಯಾಬಿನಲ್ಲಿ ನಿಲ್ಲಿಸಿಕೊಂಡು, ಬಾಗಿಲು ಮುಂದೆ ಮಾಡಿ, ಮೈ ಮುಟ್ಟಿದರು ಎಂದು ಹೇಳಿದಳು. ಹೇಳಿದ್ದು ಇಷ್ಟೇ. ಅಳಲಿಲ್ಲ.

ಮಧ್ಯಾಹ್ನವೇ ಶಿಸ್ತು ಸಮಿತಿ ಕೂತಿತು. ಪ್ರಿನ್ಸಿಪಾಲರು, ಆಫೀಸ್ ಸೂಪರಿಂಟೆಂಡೆಂಟರು ಮತ್ತು ನಾನು. "ಹೆಂಗಸ್ರು ಒಬ್ರು ಇರ್ಲಿ ಮೇಡಂ, ನಾಳೆ ಯಾರೂ ಮಾತಾಡಬಾರ್ದು" ಎಂದು ಪ್ರಿನ್ಸಿಪಾಲರು ನನ್ನನ್ನು ಕರೆಸಿದ್ದರು. ಒಳಗೆ ಬಂದ ಹುಡುಗಿ ನನ್ನನ್ನು ನೋಡಿದ ಕೂಡಲೇ ಅವಳ ಮುಖ ಸ್ವಲ್ಪ ಸಡಿಲವಾಯಿತು. ಅದನ್ನು ನಾನು ಗಮನಿಸಿದೆ.

ಪ್ರಿನ್ಸಿಪಾಲರು ಕೇಳಿದ್ದಕ್ಕೆಲ್ಲ ಅವಳು ಸರಿಯಾಗಿಯೇ ಉತ್ತರ ಕೊಟ್ಟಳು. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ಉಳಿದೋರೆಲ್ಲ ಹೋದ್ಮೇಲೆ ನೀನೊಬ್ಳೇ ಯಾಕೆ ಉಳ್ಕೊಂಡೆ?" ಎಂದೆ.

"ಸೈನ್ ಹಾಕ್ತೀನಿ ಇರು ಅಂದ್ರು ಮೇಡಂ."

"ಇರು ಅಂದ್ರೆ ಇದ್ಬಿಡೋದಾ? ಯಾಕೆ ಕೂಗ್ಲಿಲ್ಲ?"

"ಬಾಯೇ ಬರ್ಲಿಲ್ಲ ಮೇಡಂ."

"ಈಗ ಹೆಂಗೆ ಬಂತು?"

ಸೂಪರಿಂಟೆಂಡೆಂಟರು ಮೆಲ್ಲಗೆ ನಕ್ಕರು. ಹುಡುಗಿ ಮತ್ತೆ ನನ್ನ ಮುಖ ನೋಡಲಿಲ್ಲ. ಮೇಷ್ಟ್ರನ್ನು ಒಳಗೆ ಕರೆಸಿ, ಅವರ ಎದುರಿಗೇ ಇನ್ನೊಮ್ಮೆ ಹೇಳು ಎಂದೆವು. ಅವಳು ಎರಡು ಮಾತು ಹೇಳಿ ನಿಲ್ಲಿಸಿದಳು. ಅವರು ಕರವಸ್ತ್ರ ತೆಗೆದು ಕಣ್ಣೊತ್ತಿಕೊಂಡು, "ನನ್ನ ಮಗಳಿದ್ದಂಗೆ ಇವ್ಳು. ಇವ್ಳ ಬಾಯಲ್ಲಿ ಇಂಥ ಮಾತು ಕೇಳಬೇಕಾಯ್ತಲ್ಲ" ಎಂದರು.

ಆ ಮನುಷ್ಯ ಎಂಥವರೆಂದು ನನಗೆ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ನಾನು ಕೂರುತ್ತಿರಲಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಮಾಡುವಾಗ ಅವರು ಹಿಂದೆ ಬಂದು ನಿಂತರೆ ಸೆರಗು ಬಿಗಿಯಾಗಿ ಹೊದ್ದುಕೊಳ್ಳುತ್ತಿದ್ದೆ. ಹುಡುಗಿ ಹೇಳುತ್ತಿರುವುದು ನಿಜವೆಂದು ಅವಳು ಬಾಯಿ ತೆರೆಯುವ ಮೊದಲೇ ನನಗೆ ತಿಳಿದಿತ್ತು. ತಿಳಿದೂ ಹಾಗೆ ಕೇಳಿದೆ.

ಮರುದಿನ ಅವಳ ತಂದೆಯನ್ನು ಕರೆಸಿದರು. ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲು. ಡೇರಿಗೆ ಹಾಲು ಹಾಕಿ ನೇರವಾಗಿ ಬಂದಿದ್ದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಹುಡ್ಗಿ ಏನೋ ತಪ್ಪು ತಿಳ್ಕೊಂಡಿದಾಳೆ. ಇದು ಹೊರಗೆ ಹೋದ್ರೆ ಕಾಲೇಜಿನ ಮಾನ ಹೆಂಗೂ ಹೋಗುತ್ತೆ, ಅದು ಬಿಡಿ. ನಾಳೆ ನಿಮ್ಮ ಮಗಳನ್ನ ಯಾರು ಕಟ್ಕೋತಾರೆ, ನೀವೇ ಹೇಳಿ ಗೌಡ್ರೆ" ಎಂದರು ಪ್ರಿನ್ಸಿಪಾಲರು.

ತಂದೆ ತಿರುಗಿ ಮಗಳ ಕೆನ್ನೆಗೆ ಹೊಡೆದರು. ಇನ್ನೊಂದು ಸಲ ಹೊಡೆದರು. ಸಮಿತಿಯ ಮೂವರಲ್ಲಿ ಒಬ್ಬರೂ ಕುರ್ಚಿಯಿಂದ ಏಳಲಿಲ್ಲ. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತ ಕೂತಿದ್ದೆ.

ಆಮೇಲೆ ಪತ್ರ. ಒಕ್ಕಣೆ ಹೇಳಿಕೊಡುವುದು ಕನ್ನಡದವಳ ಕೆಲಸವೆಂದು ನನಗೇ ಬಂತು. 'ತಪ್ಪು ಗ್ರಹಿಕೆಯಿಂದ ಪೂಜ್ಯ ಅಧ್ಯಾಪಕರ ಮೇಲೆ ಇಲ್ಲದ ಆರೋಪ ಹೊರಿಸಿದ್ದಕ್ಕೆ ಕ್ಷಮೆ ಯಾಚಿಸುತ್ತೇನೆ' ಎಂದು ಬರೆಸಿದೆ. ಅವಳು ನಡುವೆ ಪೆನ್ನು ಎತ್ತಿ, "ತಪ್ಪು ಗ್ರಹಿಕೆ ಅಂದ್ರೇನು ಮೇಡಂ?" ಎಂದು ಕೇಳಿದಳು. "ಬರಿ" ಎಂದೆ. ಬರೆದಳು. ತಪ್ಪುಗಳ ಕೆಳಗೆ ಗೆರೆ ಎಳೆದು ಮತ್ತೊಂದು ಹಾಳೆಯಲ್ಲಿ ಶುದ್ಧಪ್ರತಿ ಮಾಡಿಸಿದೆ. ಅವತ್ತೇ ಟಿ.ಸಿ. ಕೊಟ್ಟು ಕಳಿಸಿದರು. ತಂದೆ ದೊಡ್ಡ ಹೆಜ್ಜೆ ಹಾಕುತ್ತ ಮುಂದೆ ಹೋದರು, ಅವಳು ಹಿಂದೆ. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಯಿತು.

ಏಳೆಂಟು ವರ್ಷ ಕಳೆದವು. ಪ್ರಿನ್ಸಿಪಾಲರು ನಿವೃತ್ತರಾಗಿ, ಹಿರಿತನದ ಮೇಲೆ ಕೆಮಿಸ್ಟ್ರಿ ಮೇಷ್ಟ್ರೇ ಪ್ರಿನ್ಸಿಪಾಲರಾದರು. ಅಷ್ಟು ಹೊತ್ತಿಗೆ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳವಾದರೆ ವಿಚಾರಣೆಗೆ ಸಮಿತಿ ಇರಬೇಕೆಂದು ಸುಪ್ರೀಂ ಕೋರ್ಟು ಹೇಳಿ, ಕಾಲೇಜುಗಳಿಗೂ ಸುತ್ತೋಲೆ ಬಂತು. ಪ್ರತಿ ಕಾಲೇಜಿನಿಂದ ಒಬ್ಬರು ಬೆಂಗಳೂರಿಗೆ ಹೋಗಿ ಎರಡು ದಿನ ತರಬೇತಿ ಪಡೆದು, ವಾಪಸು ಬಂದು ಉಳಿದ ಸಿಬ್ಬಂದಿಗೆ ಹೇಳಿಕೊಡಬೇಕಿತ್ತು.

"ನೀವೇ ಹೋಗಿ ಮೇಡಂ. ನಿಮಗೆ ಅನುಭವ ಇದೆಯಲ್ಲ" ಎಂದು ಹೊಸ ಪ್ರಿನ್ಸಿಪಾಲರು ಆದೇಶಕ್ಕೆ ಸಹಿ ಹಾಕಿದರು. ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು.

ತರಬೇತಿ ಕೊಟ್ಟವರು ವಯಸ್ಸಾದ ಒಬ್ಬ ವಕೀಲೆ. ದೂರು ಕೊಟ್ಟವಳಿಗೆ ಏನೇನು ಕೇಳಬಾರದು ಎಂದು ಕಪ್ಪು ಹಲಗೆಯ ಮೇಲೆ ಬರೆಯತೊಡಗಿದರು. ಒಬ್ಬಳೇ ಯಾಕೆ ಹೋದೆ. ಯಾಕೆ ಕೂಗಲಿಲ್ಲ. ಆಗ ಹೇಳದೆ ಈಗ ಯಾಕೆ ಹೇಳುತ್ತೀ. ಆರೋಪಿಯ ಎದುರಿಗೆ ನಿಲ್ಲಿಸಿ ಹೇಳಿಸಬಾರದು. ಮನೆಯವರನ್ನು ಕರೆಸಿ ಹೆದರಿಸಬಾರದು. ಎಲ್ಲರೂ ಬರೆದುಕೊಳ್ಳುತ್ತಿದ್ದರು, ನಾನೂ ಬರೆದುಕೊಂಡೆ. ಹಲಗೆ ತುಂಬಿದಾಗ ಅದರಲ್ಲಿ ನಾವು ಅವತ್ತು ಮಾಡದೆ ಬಿಟ್ಟದ್ದು ಒಂದೂ ಇರಲಿಲ್ಲ.

ಹುಡುಗಿಯನ್ನು ಸೂಲಿಬೆಲೆಯ ಹತ್ತಿರದ ಊರಿಗೆ ಕೊಟ್ಟಿದ್ದಾರೆಂದು ನಮ್ಮ ಸೂಪರಿಂಟೆಂಡೆಂಟರಿಗೆ ಗೊತ್ತಿತ್ತು. ಒಂದು ಭಾನುವಾರ ಬಸ್ಸು ಹಿಡಿದು ಹೋದೆ. ಅಂಗಳದಲ್ಲಿ ಎರಡು ಸೀಮೆಹಸು, ಜಗಲಿಯ ಮೇಲೆ ಅತ್ತೆ, ಅವರ ಮಡಿಲಲ್ಲಿ ಮಗು. ಅವಳು ನನ್ನನ್ನು ಒಂದು ಕ್ಷಣ ದಿಟ್ಟಿಸಿ, "ನಮ್ಮ ಕಾಲೇಜಿನ ಮೇಡಂ ಅತ್ತೆ, ಈ ಕಡೆ ಯಾವ್ದೋ ಮದ್ವೆಗೆ ಬಂದಿದ್ರಂತೆ" ಎಂದು ಸುಳ್ಳು ಹೇಳಿ, ಮಜ್ಜಿಗೆ ಕೊಟ್ಟು, ಹಸು ತೋರಿಸುವ ನೆಪದಲ್ಲಿ ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದಳು.

"ನನ್ನಿಂದ ದೊಡ್ಡ ತಪ್ಪಾಯ್ತಮ್ಮ" ಎಂದೆ.

"ಹೂಂ, ಆಯ್ತು" ಎಂದಳು.

ತರಬೇತಿಯ ವಿಷಯ ಹೇಳಿದೆ. ಅವತ್ತು ನಾವು ಮಾಡಿದ್ದನ್ನು ನಮ್ಮ ಸಿಬ್ಬಂದಿಯ ಮುಂದೆ ಹೇಳಬೇಕೆಂದಿದ್ದೇನೆ, ಹೇಗೆ ಮಾಡಬಾರದು ಎಂದು ಅವರು ಕಲಿಯಲಿ, ನಿನ್ನ ಹೆಸರು ಎತ್ತುವುದಿಲ್ಲ ಎಂದೆ.

"ಬೇಡ ಮೇಡಂ. ನಾನು ಓದೋದು ಯಾಕೆ ಬಿಟ್ಟೆ ಅಂತ ಈ ಮನೇಲಿ ಯಾರ್ಗೂ ಗೊತ್ತಿಲ್ಲ. ಮದ್ವೆ ಗೊತ್ತಾಯ್ತು ಅಂತ ಬಿಡಿಸಿದ್ರು ಅಂದ್ಕೊಂಡವ್ರೆ. ಅದು ಹಂಗೇ ಇರ್ಲಿ."

"ಹೆಸ್ರಿಲ್ದೆ ಹೇಳಿದ್ರೆ ಯಾರ್ಗೆ ಗೊತ್ತಾಗುತ್ತಮ್ಮ?"

ಅವಳು ಹಸುವಿನ ಬೆನ್ನ ಮೇಲಿನ ಹುಲ್ಲುಕಡ್ಡಿಯನ್ನು ತೆಗೆದು ಹಾಕಿದಳು. "ಅವತ್ತು ನಾನು ಹೇಳ್ತೀನಿ ಅಂದಾಗ ನೀವು ಬಾಯಿ ಮುಚ್ಚಿಸಿದ್ರಿ. ಇವತ್ತು ನಾನು ಬೇಡ ಅಂದ್ರೆ ನೀವು ಹೇಳ್ತೀನಿ ಅಂತೀರ. ನನ್ನ ಕತೆ ಹೇಳಿ ನೀವು ಒಳ್ಳೇರಾಗ್ಬೇಕಾ ಮೇಡಂ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ತಲೆಯಾಡಿಸಿ, ಬಸ್ಸಿನ ಹೊತ್ತಾಯಿತೆಂದು ನೆನಪಿಸಿದಳು.

ಕಾಲೇಜಿನಲ್ಲಿ ನಾನು ತರಬೇತಿ ಕೊಟ್ಟದ್ದು ಒಂದು ಶನಿವಾರ, ಸ್ಟಾಫ್ ರೂಮಿನಲ್ಲಿ. ಇಪ್ಪತ್ತು ಜನ ಇದ್ದರು. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಾನು ಸುತ್ತೋಲೆ ಓದಿದೆ, ನಿಯಮಗಳನ್ನು ವಿವರಿಸಿದೆ. ಹಿಂದಿನಿಂದ ಒಬ್ಬರು, "ಇನ್ಮೇಲೆ ಹುಡ್ಗೀರ ರೆಕಾರ್ಡನ್ನ ಇಕ್ಕಳದಲ್ಲಿ ಹಿಡ್ಕೊಂಡು ಸೈನ್ ಹಾಕ್ಬೇಕು ಗುರು" ಎಂದರು. ಎಲ್ಲರೂ ನಕ್ಕರು. ಪ್ರಿನ್ಸಿಪಾಲರೂ ನಕ್ಕು, ಕೈ ಎತ್ತಿ ಸುಮ್ಮನಾಗಿಸಿ, "ಅದಿರ್ಲಿ ಮೇಡಂ, ನಮ್ಮ ಕಾಲೇಜಲ್ಲಿ ಇಂಥದ್ದು ಯಾವತ್ತಾದ್ರೂ ಆಗಿದ್ಯಾ? ನೀವೇ ಹೇಳಿ" ಎಂದು ಕೇಳಿದರು.

ನಾನು ಹೇಳಿದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ, ಮೇಷ್ಟ್ರು ಯಾವ ಪಾಠ ಮಾಡುತ್ತಿದ್ದರೆಂದೂ ಹೇಳಲಿಲ್ಲ. ಆದರೆ ಉಳಿದದ್ದೆಲ್ಲ ಹೇಳಿದೆ. ನಾನು ಕೇಳಿದ ಪ್ರಶ್ನೆ, ಹಾಲು ಹಾಕಿ ಬಂದ ತಂದೆ, ಎರಡು ಏಟು, ಪತ್ರ. ಹೊಸದಾಗಿ ಸೇರಿದ್ದ ಇಬ್ಬರು ಎಳೆಯ ಅಧ್ಯಾಪಕಿಯರು ಕಣ್ಣೊರೆಸಿಕೊಂಡರು. ಪ್ರಿನ್ಸಿಪಾಲರು ನೆಲ ನೋಡುತ್ತಿದ್ದರು. ನನ್ನ ದನಿ ಆ ದಿನ ಚೆನ್ನಾಗಿ ಬಂತು, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯಿತು. ಎಷ್ಟೋ ವರ್ಷದ ಮೇಲೆ ಮೈ ಹಗುರಾದಂತಿತ್ತು. ಕೊಟ್ಟ ಮಾತು ಆ ಹೊತ್ತಿನಲ್ಲಿ ಮರೆತುಹೋಗಿತ್ತು ಎಂದು ಮುಂದೆ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೆನಪಿತ್ತು.

ಅಲ್ಲೇ ಟೀ ಕುಡಿಯುವಾಗ ಸೂಪರಿಂಟೆಂಡೆಂಟರು ಪಕ್ಕದವರಿಗೆ, "ಅದೇ ರಾಜಘಟ್ಟದ ಕಡೇದು. ಈಗ ಸೂಲಿಬೆಲೆ ಹತ್ರ ಕೊಟ್ಟವ್ರೆ" ಎನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು. ನಾನು ಹೋಗಿ ತಡೆಯಲಿಲ್ಲ. ತಡೆದರೆ ಹೌದೆಂದು ಒಪ್ಪಿದಂತಾಗುತ್ತದೆ ಎಂದುಕೊಂಡೆ. ಅವರ ಮಾತು ಕೇಳಿಸಿಕೊಂಡವರಲ್ಲಿ ಒಬ್ಬರ ಹೆಂಡತಿಯ ತವರು ಆ ಊರಿನ ಪಕ್ಕದ್ದು.

ಒಂದು ತಿಂಗಳಾಗಿರಬೇಕು. ಕ್ಲಾಸು ಮುಗಿಸಿ ಹೊರಗೆ ಬಂದಾಗ, ಮೋಟಾರು ಬೈಕಿನ ಪಕ್ಕ ಒಬ್ಬ ಯುವಕ ನಿಂತಿದ್ದ. ಹುಡುಗಿಯ ಅಣ್ಣ. ಅವನು ಕೂಗಾಡಲಿಲ್ಲ. ಕೂಗಾಡುತ್ತಾನೆಂದು ನಾನು ಸುತ್ತಮುತ್ತ ನೋಡಿದೆ, ಅವನು ಅದನ್ನೂ ನೋಡಿದ.

"ಹೆದರ್ಕೋಬೇಡಿ ಮೇಡಂ, ಗಲಾಟೆ ಮಾಡಕ್ಕೆ ಬಂದಿಲ್ಲ. ನನ್ನ ತಂಗೀನ ವಾಪಸ್ ನಮ್ಮನೆಗೆ ಕಳಿಸ್ಬಿಟ್ರು."

"ಯಾವಾಗಪ್ಪಾ?"

"ಎಂಟು ದಿನ ಆಯ್ತು. ಡೇರಿ ಹತ್ರ ಹಾಲು ಹಾಕಕ್ಕೆ ನಿಂತಿದ್ದಾಗ ಯಾರೋ ಹೆಂಗಸ್ರು ಮುಖಕ್ಕೇ ಕೇಳವ್ರೆ. ಕಾಲೇಜಲ್ಲಿ ನಿಂದು ಏನೋ ಆಗಿತ್ತಂತಲ್ಲ ಅಂತ. ಸಂಜೆಗೆಲ್ಲ ಅವಳ ಗಂಡಂಗೂ ಗೊತ್ತಾಗೋಯ್ತು. ಮೊದಲೇ ಯಾಕೆ ಹೇಳ್ಲಿಲ್ಲ ಅಂತ ಹೊಡ್ದು ಬಸ್ ಹತ್ತಿಸವ್ನೆ. ಮಗೀನ ಅಲ್ಲೇ ಇಟ್ಕೊಂಡವ್ರೆ."

ನಾನು ಏನು ಹೇಳಿದೆನೋ ನೆನಪಿಲ್ಲ. ಬಂದು ಮಾತಾಡುತ್ತೇನೆ ಎಂದೆನೋ ಏನೋ.

"ನೀವು ಎಲ್ಲಿಗೂ ಬರೋದು ಬೇಡ. ಅವ್ಳು ಒಂದೇ ಒಂದು ಮಾತು ಕೇಳ್ಕೊಂಡು ಬಾ ಅಂದ್ಲು, ಅದಕ್ಕೆ ಬಂದೆ."

"ಏನಂತೆ?"

"ಕತೆ ಚೆನ್ನಾಗಿ ಹೇಳಿದ್ರಾ ಅಂತೆ."

ಉತ್ತರಕ್ಕೆ ಅವನು ಕಾದ. ನಿಜವಾಗಿ ಕಾದ. ಆಮೇಲೆ ಬೈಕು ಹತ್ತಿ ಹೋದ.

ಹಿರಿಯರು ಎರಡು ಸಲ ಕೂತು ಮಾತಾಡಿ, ಐದನೇ ತಿಂಗಳಿಗೆ ಅವಳನ್ನು ಮತ್ತೆ ಕರೆದುಕೊಂಡರು ಎಂದು ಕೇಳಿದೆ. ಡೇರಿಗೆ ಈಗ ಅತ್ತೆಯೇ ಹಾಲು ಒಯ್ಯುತ್ತಾರೆ, ಇವಳು ಹೊಸಿಲು ದಾಟುವಂತಿಲ್ಲ, ಮಗು ಮೊದಮೊದಲು ಇವಳ ಹತ್ತಿರ ಬರದೆ ಅಜ್ಜಿಯ ಸೆರಗು ಹಿಡಿದು ಅಳುತ್ತಿತ್ತು ಎಂದೂ ಕೇಳಿದೆ. ಹೇಳಿದವರು ಸೂಪರಿಂಟೆಂಡೆಂಟರೇ. ಅವರಿಗೆ ಎಲ್ಲ ಸುದ್ದಿಯೂ ಸಿಗುತ್ತಿತ್ತು.

ಪ್ರಿನ್ಸಿಪಾಲರಿಗೆ ಏನೂ ಆಗಲಿಲ್ಲ. ಅವತ್ತು ನನ್ನ ಕತೆ ಮುಗಿದ ಮೇಲೆ ಅವರೇ ಎದ್ದು, ಮೇಡಂ ಮನಮುಟ್ಟುವಂತೆ ಹೇಳಿದರು ಎಂದು ವಂದನಾರ್ಪಣೆ ಮಾಡಿದ್ದರು. ಮರುವರ್ಷ ಹಾರ, ಶಾಲು ಹಾಕಿಸಿಕೊಂಡು ನಿವೃತ್ತರಾದರು. ಅಭಿನಂದನಾ ಪತ್ರ ಬರೆಯುವುದು ಕನ್ನಡ ವಿಭಾಗದ ಕೆಲಸ, ನಾನು ಆಗುವುದಿಲ್ಲ ಎಂದೆ. ಇಂಗ್ಲಿಷ್ ಮೇಷ್ಟ್ರು ಬರೆದುಕೊಟ್ಟರು. ಚೆನ್ನಾಗಿಯೇ ಬರೆದಿದ್ದರು. ನನ್ನ ಧೈರ್ಯ ಅಷ್ಟಕ್ಕೇ ಆಗಿದ್ದು.

ಸುತ್ತೋಲೆಯಂತೆ ಕಾಲೇಜಿನಲ್ಲಿ ಮಾಡಿದ್ದ ವಿಚಾರಣಾ ಸಮಿತಿಗೆ, ತರಬೇತಿ ಪಡೆದವಳೆಂದು ನನ್ನನ್ನೇ ಅಧ್ಯಕ್ಷೆ ಮಾಡಿದ್ದರು, ನಾನೇ ಮುಂದುವರಿದೆ. ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಒಂದು ಮಧ್ಯಾಹ್ನ ಮೊದಲ ವರ್ಷದ ಹುಡುಗಿಯೊಬ್ಬಳು ವಿಭಾಗದ ಬಾಗಿಲಲ್ಲಿ ಬಂದು ನಿಂತಳು. ಅನುಗೊಂಡನಹಳ್ಳಿ ಕಡೆಯವಳು, ದೊಡ್ಡಬಳ್ಳಾಪುರದಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು.

"ಕಮಿಟಿ ಮೇಡಂ ನೀವೇನಾ?"

"ಹೌದಮ್ಮ. ಬಾ, ಕೂತ್ಕೋ."

ಅವಳು ಕೂರಲಿಲ್ಲ. "ನಿಮ್ಮ ಹತ್ರ ಹೇಳಿದ್ರೆ ನಿಮ್ಮ ಹತ್ರಾನೇ ಇರುತ್ತಾ ಮೇಡಂ?"

ಇರುತ್ತೆ ಎಂದೆ. ಬೆಂಗಳೂರಿನಲ್ಲಿ ಕಲಿಸಿದ್ದ ರೀತಿಯಲ್ಲೇ, ಅವಸರವಿಲ್ಲದೆ, ಅವಳ ಕಣ್ಣನ್ನು ನೋಡುತ್ತ ಹೇಳಿದೆ.

"ನೀವು ಮುಂಚೆ ಒಬ್ರ ಕತೆ ಟ್ರೈನಿಂಗಲ್ಲಿ ಹೇಳಿದ್ರಂತಲ್ಲ?"

"ಹೇಳಿದ್ದೆ."

"ಹೂಂ" ಎಂದಳು. ಚೌಕಟ್ಟಿನ ಮೇಲಿಟ್ಟಿದ್ದ ಕೈ ತೆಗೆದಳು. "ಏನಿಲ್ಲ ಮೇಡಂ, ಸುಮ್ನೆ ಕೇಳಿದೆ" ಎಂದು ಹೊರಟುಹೋದಳು.

ಎದ್ದು ಹಿಂದೆ ಹೋಗಬಹುದಿತ್ತು. ಒತ್ತಾಯ ಮಾಡಬಾರದು ಎಂಬುದೂ ತರಬೇತಿಯ ಪಾಠವೇ ಆಗಿತ್ತು, ಅದನ್ನು ನೆಪ ಮಾಡಿಕೊಂಡು ಕೂತೆ. ದೀಪಾವಳಿ ರಜೆ ಮುಗಿದ ಮೇಲೆ ಅವಳು ಕಾಲೇಜಿಗೆ ಬರಲಿಲ್ಲ. ವರ್ಷದ ಕೊನೆಯಲ್ಲಿ ಇಲಾಖೆಗೆ ಕಳಿಸುವ ವರದಿಯಲ್ಲಿ ದೂರುಗಳು ಎಂಬಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಅವಳಿಗೆ ಏನಾಗಿತ್ತು, ಯಾರಿಂದ ಆಗಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.