ತಿರುಗುವ ಹಿಂಡು

ಮೊಮ್ಮಗಳು ಹೊಸ ವಿಜ್ಞಾನ ಪುಸ್ತಕ ತೆರೆದಾಗ ಹಸಿ ಮಸಿಯ ವಾಸನೆ ಬಂತು. ಪುಟದ ತುಂಬ ಸುರುಳಿ ಗೆಲಾಕ್ಸಿಯ ಬಣ್ಣದ ಚಿತ್ರ. ಇದೇನೆಂದು ಕೇಳಿದಳು. ಉತ್ತರ ಹೇಳುವ ಮೊದಲು, ಓದುಗ ಮಿತ್ರರೇ, ನಿಮ್ಮನ್ನು ನಿಜಾಮರ ಕಾಲದ ಜಹೀರಾಬಾದಿಗೆ ಕರೆದೊಯ್ಯಬೇಕಾಗಿದೆ.

ಅಲ್ಲಿನ ಶಾಲೆಯಲ್ಲಿ ನಾನು ಹಂಗಾಮಿ ಮಾಸ್ತರ. ಪಾಠವೆಲ್ಲ ಉರ್ದುವಿನಲ್ಲಿ. ನೌಕರಿ ಕಾಯಂ ಆಗಲು ಹೆಡ್‌ಮಾಸ್ತರರ ಶಿಫಾರಸು ಬೇಕಿತ್ತು. ಅವರು ಮಾಡಿದ ಅವಮಾನಗಳನ್ನು ಈಗಲೂ ಕ್ರಮವಾಗಿ ಹೇಳಬಲ್ಲೆ. ನನ್ನ ಉಚ್ಚಾರವನ್ನು ಮಕ್ಕಳೆದುರು ಏಳು ಬಾರಿ ತಿದ್ದಿದರು. ಅದರಲ್ಲಿ ಎರಡು ಬಾರಿ ತಪ್ಪು ಅವರದೇ. ಇರಲಿ.

ಒಂದು ಚಳಿಗಾಲದ ಮಧ್ಯಾಹ್ನ ನಮ್ಮೂರು ಪಸ್ತಾಪುರದಿಂದ ಕಾಕಾ, ಅಪ್ಪನ ತಮ್ಮ, ಶಾಲೆಗೆ ಬಂದ. ಕುರಿ ಕಾಯುವವ, ಅಪ್ಪ ತೀರಿದ ಮೇಲೆ ನನ್ನನ್ನು ಓದಿಸಿದವನೂ ಅವನೇ. ನನಗೆಂದೇ ನೇಯಿಸಿದ ಕಂಬಳಿ ತಂದಿದ್ದ. ಮೇಜಿನ ಮೇಲೆ ಹೆಡ್‌ಮಾಸ್ತರರ ಹಳೆಯ ಪುಸ್ತಕವಿತ್ತು. ಅದರಲ್ಲೂ ಇಂಥದೇ ಸುರುಳಿ, ಕಪ್ಪು ಬಿಳುಪಿನಲ್ಲಿ. ಆಕಾಶದಲ್ಲಿರುವ ಅನಿಲದ ಮೋಡವೆಂದು ಅದರ ಕೆಳಗೆ ಬರೆದದ್ದನ್ನು ಓದಿ ಹೇಳಿದೆ. ಕಾಕಾ ಬಗ್ಗಿ ನೋಡಿದ.

“ಮೋಡ ಅಲ್ಲೋ ತಮ್ಮಾ, ಹಿಂಡು ಅದ. ದೂರಿಂದ ನೋಡಿದ್ರ ಬರೇ ಧೂಳ ಕಾಣ್ತದ. ಹಟ್ಟಿಗಿ ಹೊಳ್ಳಿಸುವಾಗ ನಡುವಿನವು ಲಗೂ ತಿರಗ್ತಾವ, ಅಂಚಿನವು ಹಿಂದ ಬೀಳ್ತಾವ. ಅದಕ್ಕ ಹಿಂಗ ಬಾಲ ಬಾಗ್ಯಾದ.”

ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ತರರು ನಕ್ಕರು. “ಆಸಮಾನದಾಗ ಕುರಿ ಮೇಯ್ತಾವೇನು? ಯಾರ್ರಿ ಇಂವಾ?”

“ಕಂಬಳಿ ಮಾರಾಂವ್ರಿ, ಸಾಬ್,” ಎಂದೆ.

ಕಾಕಾ ನನ್ನತ್ತ ನೋಡಲಿಲ್ಲ. ಕಂಬಳಿ ಮಡಚಿ ಮೇಜಿನ ಮೇಲಿಟ್ಟ. “ಪಸಂದ್ ಬಿದ್ರ ಇಟ್ಕೋರಿ, ಮಾಸ್ತರ್ರ,” ಎಂದು ಹೊರಟ. ನಾನಾಡಿದ ಸುಳ್ಳನ್ನು ಅವನೇ ನಿಜ ಮಾಡಿಕೊಟ್ಟ.

ನೌಕರಿ ಕಾಯಂ ಆಯಿತು. ಕಾಕಾ ಮತ್ತೆಂದೂ ಶಾಲೆಗೆ ಬರಲಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಚಾಪೆ ಹಾಸಿ, ಬರ್ರಿ, ಕೂಡ್ರಿ ಎನ್ನುತ್ತಿದ್ದ, ಪರ ಊರಿನ ಅಧಿಕಾರಿಗೆ ಹೇಳಿದಂತೆ. ತಪ್ಪಾಯಿತೆನ್ನಲು ನನಗೆ ಬಾಯಿ ಬರಲಿಲ್ಲ. ಹೆಡ್‌ಮಾಸ್ತರರ ಆ ನಗೆಯ ಮೇಲೆ ಸಿಟ್ಟು ಸಾಧಿಸುವುದರಲ್ಲೇ ವರ್ಷಗಳು ಕಳೆದವು. ಅಷ್ಟರಲ್ಲಿ ಕಾಕಾ ತೀರಿಕೊಂಡ.

ಆಮೇಲೆ ಓದಿ ತಿಳಿದೆ. ಅನಿಲವೂ ಧೂಳೂ ಆ ಸುರುಳಿಯಲ್ಲಿ ಉಂಟು. ಆದರೆ ಅದು ಕೋಟಿ ಕೋಟಿ ನಕ್ಷತ್ರಗಳ ಹಿಂಡು. ನಡುವಿನವು ಒಂದು ಸುತ್ತನ್ನು ಬೇಗ ಮುಗಿಸುತ್ತವೆ, ಅಂಚಿನವು ತಡವಾಗಿ. ಸುರುಳಿಯ ತೋಳುಗಳು ಮೂಡಲು ಬೇರೆ ಕಾರಣಗಳೂ ಇವೆಯಂತೆ. ಅಷ್ಟರ ಮಟ್ಟಿಗೆ ಕಾಕಾ ತಪ್ಪಿದನೆಂದೇ ಇಟ್ಟುಕೊಳ್ಳಿ.

ಮೊಮ್ಮಗಳಿಗೆ ಗೆಲಾಕ್ಸಿಯ ವಿಚಾರವನ್ನೆಲ್ಲ ಹೇಳಿದೆ. ಇದನ್ನು ಯಾರು ಕಲಿಸಿದರೆಂದು ಕೇಳಿದಳು.

“ನಮ್ಮ ಕಾಕಾ. ಕುರಿ ಕಾಯಾಂವ,” ಎಂದೆ.

ಅಂದೇ ಆಡಬೇಕಾಗಿದ್ದ ಮಾತು. ಅವಳು “ಹೌದೇನು?” ಎಂದು ಪುಟ ತಿರುವಿದಳು.