ಬಂತಾ ಸಾಹೇಬರು

ಕಂಪನಿಯ ಮೇಲ್ ಸರ್ವರ್ ನೋಡಿಕೊಳ್ಳುವ ಅವರನ್ನು ಎಲ್ಲರೂ ಕರೆಯುವುದು ‘ಬಂತಾ ಸಾಹೇಬರು’ ಎಂದೇ. ವಿಳಾಸದ ನಿಯಮವೊಂದನ್ನು ತಿದ್ದಿದರೆ ಸಾಕು, ಪರೀಕ್ಷೆಗೊಂದು ಮೇಲ್ ಬಿಟ್ಟು, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗೆ ಚಡಪಡಿಸುತ್ತಾ, ಮೇಜಿಂದ ಮೇಜಿಗೆ ಅಲೆದು “ಬಂತಾ? ಬಂತಾ?” ಎಂದು ಕೇಳುತ್ತಾರೆ. ಬಾರದಿದ್ದರೆ, “ಮೇಲಿನ ನಿಯಮ ಅತ್ತೆ, ಕೆಳಗಿನದು ಸೊಸೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಈ ಸರ್ವರಲ್ಲಿ ಎರಡೂ ಕಾಲ ಅತ್ತೇದೇ ಕಣ್ರೀ!” ಎಂದು ಗೊಣಗುತ್ತಾ ನಿಯಮಗಳನ್ನು ಮೇಲೆ ಕೆಳಗೆ ಮಾಡುತ್ತಾರೆ. ಕಂಪನಿಯ ಹೆಸರು ಬದಲಾದಾಗ ಎಲ್ಲರ ಹಳೆಯ ವಿಳಾಸ ಅಳಿಸಬೇಕೆಂದು ಹುಕುಂ ಬಂತು. ಅಳಿಸಿದರು, ಆದರೆ ಸ್ಟೋರ್ ನೋಡಿಕೊಳ್ಳುವ ಅಕ್ಕನ ಹೆಸರಿನ ಮುಂದೆ ಮಾತ್ರ ‘ನಿಯಮ ಅನ್ವಯಿಸಲಿ’ ಎಂಬ ಟಿಕ್ ತೆಗೆದು, ಅವಳ ಹಳೆಯ ವಿಳಾಸ ಉಳಿಸಿಬಿಟ್ಟರು. ಜಗಳವಾಡಿ ಮನೆ ಬಿಟ್ಟುಹೋದ ಅವಳ ತಮ್ಮನಿಗೆ ಗೊತ್ತಿದ್ದದ್ದು ಆ ಹಳೆಯ ವಿಳಾಸವೊಂದೇ. ಅದೊಂದು ಯಾಕೆ ಅಳಿದಿಲ್ಲ ಎಂದು ಮ್ಯಾನೇಜರ್ ಕೇಳಿದಾಗಲೆಲ್ಲ “ಸರ್ವರ್ ಹಟ ಹಿಡಿದಿದೆ ಸಾರ್, ನೋಡ್ತಾ ಇದೀನಿ” ಎಂದು ತಿಂಗಳುಗಟ್ಟಲೆ ಸಾಗಹಾಕಿದರು. ನಿನ್ನೆ ಅವರು ಮೇಜಿನಡಿ ತೂರಿ ವೈರು ಸಿಕ್ಕಿಸುತ್ತಿದ್ದಾಗ ಸ್ಟೋರಿನ ಅಕ್ಕ ಓಡಿಬಂದಳು. “ಅಣ್ಣಾ…” ಎಂದು ಮೇಜಿನ ಬಳಿ ಬಗ್ಗಿದಳು. ಸಾಹೇಬರು ತಲೆ ಹೊರಗೆ ಹಾಕಿ ಅವಳ ಮುಖ ನೋಡಿದರು. ಜನ್ಮದಲ್ಲಿ ಮೊದಲ ಬಾರಿಗೆ ಕೇಳುವ ಗೋಜಿಗೇ ಹೋಗದೆ, “ಬಂತು,” ಎಂದರು.